ಪೂಜೆ ಮುಗಿಯಿತು, ಫೈರ್‌ವಾಲ್ ಏಳಲಿಲ್ಲ!

ಆಯುಧಪೂಜೆಗೆಂದು ಕಂಪ್ಯೂಟರು, ಪ್ರಿಂಟರು, ಮೂಲೆಯ ರ‍್ಯಾಕು ಎಲ್ಲವನ್ನೂ ಆಫ್ ಮಾಡಿ, ಒರೆಸಿ, ಕುಂಕುಮ ಹಚ್ಚಿ, ಬೂದುಗುಂಬಳ ಒಡೆದು ಬಾಗಿಲು ಹಾಕುತ್ತೀರಿ. ಜಂಬೂಸವಾರಿ ನೋಡಿ, ರಜೆ ಮುಗಿಸಿ ಬಂದು ಸ್ವಿಚ್ ಹಾಕಿದರೆ ಎಲ್ಲವೂ ಏಳುತ್ತವೆ, ಫೈರ್‌ವಾಲ್ ಒಂದನ್ನು ಬಿಟ್ಟು. ಇಂಟರ್ನೆಟ್ ಇಲ್ಲ, ಬಿಲ್ಲಿಂಗ್ ಇಲ್ಲ. ಮೈಸೂರಿನ ಹೆಬ್ಬಾಳ, ಹೂಟಗಳ್ಳಿಯ ಸಣ್ಣ ಕಾರ್ಖಾನೆಯಿಂದ ಹಿಡಿದು ಕುವೆಂಪುನಗರದ ಆಡಿಟರ್ ಕಚೇರಿಯವರೆಗೆ ಯಾರಿಗಾದರೂ ಬರಬಹುದಾದ ಪಜೀತಿ ಇದು.

ನಿಮ್ಮದು ಪಿಎಫ್‌ಸೆನ್ಸ್ ಫೈರ್‌ವಾಲ್ ಆದರೆ, ಅದು ಫ್ರೀಬಿಎಸ್‌ಡಿ ಆಪರೇಟಿಂಗ್ ಸಿಸ್ಟಮ್ ಮೇಲೆ ನಡೆಯುತ್ತದೆ. ಜಾಹೀರಾತು ತಡೆಯುವ ಪಿಎಫ್‌ಬ್ಲಾಕರ್, ದಾಳಿ ಪತ್ತೆಹಚ್ಚುವ ಸುರಿಕಾಟಾ, ಸ್ನಾರ್ಟ್‌ನಂಥ ಪ್ಯಾಕೇಜ್‌ಗಳನ್ನು ಅದಕ್ಕೆ ಸೇರಿಸಿಕೊಳ್ಳಬಹುದು. ಪ್ಯಾಕೇಜ್ ಹಾಕಿದ ದಿನ ಎಷ್ಟೋ ಸಲ ಏನೂ ತೊಂದರೆ ಕಾಣುವುದಿಲ್ಲ. ದೋಷ ಬಯಲಾಗುವುದು ಯಂತ್ರ ಮತ್ತೆ ಆನ್ ಆದಾಗ. ಅಷ್ಟರಲ್ಲಿ ಹಾಕಿದವರಿಗೇ ಅದು ಮರೆತಿರುತ್ತದೆ. ಹಾಗಾಗಿ ಡಬ್ಬಿಯೇ ಕೆಟ್ಟಿತೆಂದು ಹೊಸದಕ್ಕೆ ಆರ್ಡರ್ ಕೊಡುವ ಮೊದಲು ಹೀಗೆ ಮಾಡಿ.

1. ಕೊನೆಯ ಸಾಲು ನೋಡಿ

ಫೈರ್‌ವಾಲ್‌ಗೆ ಮಾನಿಟರ್, ಕೀಬೋರ್ಡ್ ಜೋಡಿಸಿ. ಮಾನಿಟರ್ ಪೋರ್ಟ್ ಇಲ್ಲದಿದ್ದರೆ ಕನ್ಸೋಲ್ ಕೇಬಲ್ ಹಾಕಿ ಲ್ಯಾಪ್‌ಟಾಪ್‌ನಿಂದ ನೋಡಿ. ವೇಗ ಸಾಮಾನ್ಯವಾಗಿ 115200. ಪರದೆ ನಿಂತ ಜಾಗದ ಫೋಟೊ ತೆಗೆದಿಟ್ಟುಕೊಳ್ಳಿ. ಡಿಸ್ಕೇ ಸಿಗುತ್ತಿಲ್ಲ ಎಂದು ಆರಂಭದಲ್ಲೇ ನಿಂತರೆ ಅದು ಹಾರ್ಡ್‌ವೇರ್ ತೊಂದರೆ. ನೆಟ್‌ವರ್ಕ್ ಪೋರ್ಟ್‌ಗಳೆಲ್ಲ ಸಿದ್ಧವಾಗಿ, ಪ್ಯಾಕೇಜ್ ಶುರುವಾಗುವ ಸಾಲಿನಲ್ಲಿ ನಿಂತರೆ ಅನುಮಾನ ಪ್ಯಾಕೇಜ್ ಮೇಲೆ. ಆದರೂ ಹತ್ತು ನಿಮಿಷ ಕಾಯಿರಿ. ರ‍್ಯಾಮ್ ಕಡಿಮೆಯಿದ್ದು ತಡೆಪಟ್ಟಿ ದೊಡ್ಡದಿದ್ದರೆ ಯಂತ್ರ ಬರೀ ತಡಮಾಡುತ್ತಿರಬಹುದು.

2. ಮೆನು ಬಂದರೆ

ಅರ್ಧ ಕೆಲಸ ಆದಂತೆ. ಪಿಎಫ್‌ಸೆನ್ಸ್ ಕನ್ಸೋಲ್ ಮೆನುವಿನ 15ನೇ ಆಯ್ಕೆ ಹಳೆಯ ಸೆಟ್ಟಿಂಗ್ಸ್ ಪಟ್ಟಿ ತೋರಿಸುತ್ತದೆ. ಪ್ಯಾಕೇಜ್ ಹಾಕುವ ಹಿಂದಿನ ತಾರೀಖಿನದನ್ನು ಆರಿಸಿ, 5 ಒತ್ತಿ ರೀಬೂಟ್ ಮಾಡಿ. ಅದಕ್ಕೂ ಬಗ್ಗದಿದ್ದರೆ 8ನೇ ಆಯ್ಕೆಯ ಶೆಲ್‌ಗೆ ಹೋಗಿ, ಡಿಸ್ಕ್ ತುಂಬಿದೆಯೇ ನೋಡಿ, ‘ಪಿಕೆಜಿ ಡಿಲೀಟ್’ ಆದೇಶದಿಂದ ಆ ಒಂದು ಪ್ಯಾಕೇಜನ್ನಷ್ಟೇ ತೆಗೆಯಿರಿ. 4ನೇ ಆಯ್ಕೆಯ ತಂಟೆಗೆ ಹೋಗಬೇಡಿ. ಅದು ಎಲ್ಲ ಸೆಟ್ಟಿಂಗ್ಸ್ ಅಳಿಸಿಹಾಕುತ್ತದೆ.

3. ಮೆನುವೂ ಬಾರದಿದ್ದರೆ

ಕಂಟ್ರೋಲ್ ಮತ್ತು ಸಿ ಒಟ್ಟಿಗೆ ಒತ್ತಿ ನೋಡಿ. ಸಿಕ್ಕಿಕೊಂಡಿದ್ದು ಕೆಲವೊಮ್ಮೆ ಅಷ್ಟಕ್ಕೇ ಬಿಡುತ್ತದೆ. ಇಲ್ಲವಾದರೆ ಆಫ್ ಮಾಡಿ ಆನ್ ಮಾಡಿ, ಬೂಟ್ ಮೆನುವಿನಲ್ಲಿ ‘ಸಿಂಗಲ್ ಯೂಸರ್’ ಆರಿಸಿ. ಕರೆಂಟ್ ಹೋಗಿ ಆಫ್ ಆದ ಯಂತ್ರವಾದರೆ, ಹಳೆಯ ಯುಎಫ್‌ಎಸ್ ಫೈಲ್ ಸಿಸ್ಟಮ್‌ನ ಡಿಸ್ಕ್‌ಗೆ ಇಲ್ಲಿ ಮೊದಲು ತಪಾಸಣೆ ನಡೆಸಿ. ಝಡ್‌ಎಫ್‌ಎಸ್ ಇದ್ದು, ಮೊದಲೇ ಬೂಟ್ ಎನ್ವಿರಾನ್ಮೆಂಟ್ (ಇಡೀ ಸಿಸ್ಟಮ್‌ನ ಹಿಂದಿನ ಸ್ಥಿತಿಯ ಪ್ರತಿ) ಮಾಡಿಟ್ಟಿದ್ದರೆ ಅದೇ ಬೂಟ್ ಮೆನುವಿನಿಂದ ಹಳೆಯದಕ್ಕೆ ಮರಳಬಹುದು.

4. ಕೊನೆಯ ದಾರಿ

ಹೊಸದಾಗಿ ಇನ್‌ಸ್ಟಾಲ್ ಮಾಡಿ, ಬ್ಯಾಕಪ್ ಹಾಕುವುದು. ಇಲ್ಲೇ ಹಲವರು ಎಡವುತ್ತಾರೆ. ಬ್ಯಾಕಪ್ ಫೈಲಿನಲ್ಲಿ ಪ್ಯಾಕೇಜ್‌ಗಳ ಪಟ್ಟಿಯೂ ಇರುತ್ತದೆ. ಅದನ್ನು ಹಾಗೇ ಹಾಕಿದರೆ ಪಿಎಫ್‌ಸೆನ್ಸ್ ಅವನ್ನೆಲ್ಲ ತಾನೇ ಮತ್ತೆ ಇಳಿಸಿಕೊಳ್ಳುತ್ತದೆ. ಹೊರಗೆ ಹಾಕಿದ ಕಳ್ಳ ಹಿತ್ತಿಲ ಬಾಗಿಲಿನಿಂದ ಒಳಗೆ ಬಂದಂತೆ. ಬ್ಯಾಕಪ್ ತೆಗೆಯುವಾಗಲೇ ‘ಸ್ಕಿಪ್ ಪ್ಯಾಕೇಜಸ್’ ಗುರುತು ಹಾಕಿದ ಪ್ರತಿಯೊಂದನ್ನು ಬೇರೆ ಇಟ್ಟುಕೊಂಡಿರಿ.

ರಿಪೇರಿ ಮುಗಿಯುವವರೆಗೆ ಇಂಟರ್ನೆಟ್ ಕಂಪನಿಯ ರೂಟರ್‌ನಿಂದ ಬಿಲ್ಲಿಂಗ್ ಕಂಪ್ಯೂಟರ್‌ಗೆ ಮಾತ್ರ ಸಂಪರ್ಕ ಕೊಡಿ. ಇಡೀ ಕಚೇರಿಗೆ ಬೇಡ.

ಮತ್ತೆ ಹೀಗಾಗದಿರಲು

• ಪ್ಯಾಕೇಜ್‌ಗಳನ್ನು ಫೈರ್‌ವಾಲ್‌ನ ಸ್ವಂತ ಪ್ಯಾಕೇಜ್ ಮ್ಯಾನೇಜರ್‌ನಿಂದಷ್ಟೇ ಹಾಕಿ. ಫೈರ್‌ವಾಲ್ ಹಳೆಯ ಆವೃತ್ತಿ, ಪ್ಯಾಕೇಜ್ ಹೊಸ ಆವೃತ್ತಿಯದ್ದು ಎಂದಾದರೆ ಜತೆಗೆ ಬರುವ ಹೊಸ ಲೈಬ್ರರಿಗಳು ಇಡೀ ಯಂತ್ರವನ್ನೇ ಕೆಡಿಸಬಹುದು.
• ಆವೃತ್ತಿ ಅಪ್‌ಗ್ರೇಡ್ ಮಾಡುವಾಗ ಪ್ಯಾಕೇಜ್‌ಗಳನ್ನು ತೆಗೆದು, ಆಮೇಲೆ ಮತ್ತೆ ಹಾಕಿಕೊಳ್ಳಿ.
• ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಸಂಸ್ಥೆಗಳು 180 ದಿನಗಳ ಲಾಗ್ ಉಳಿಸಿಕೊಳ್ಳಬೇಕು. ಅಷ್ಟನ್ನೂ ಫೈರ್‌ವಾಲ್‌ನ ಪುಟ್ಟ ಡಿಸ್ಕಿಗೆ ತುರುಕದೆ ಬೇರೆ ಕಂಪ್ಯೂಟರ್‌ಗೆ ಕಳುಹಿಸಿ.
• ಪ್ಯಾಕೇಜ್ ಹೆಸರು, ಹಾಕಿದ ತಾರೀಖು ಬರೆದ ಚೀಟಿಯನ್ನು ಡಬ್ಬಿಗೇ ಅಂಟಿಸಿ.

ಎಲ್ಲಕ್ಕಿಂತ ಮುಖ್ಯ, ಪ್ಯಾಕೇಜ್ ಹಾಕಿದ ದಿನವೇ, ನೀವು ಎದುರಿಗಿರುವಾಗಲೇ ಒಮ್ಮೆ ರೀಬೂಟ್ ಮಾಡಿ. ಏಳದಿದ್ದರೆ ಕಾರಣ ಆಗಲೇ ಕಣ್ಣೆದುರಿಗಿರುತ್ತದೆ. ಮುಂದಿನ ಆಯುಧಪೂಜೆಗೆ ನಿಶ್ಚಿಂತೆಯಿಂದ ಸ್ವಿಚ್ ಆಫ್ ಮಾಡಬಹುದು.