ಅಳೆಯುವ ಮುನ್ನ ಮೀಟರನ್ನೇ ಅಳೆದುಕೋ

ರಿಪೇರಿ ಕಲಿಯಲು ಬಂದವರೆಲ್ಲ ಮೊದಲು ಕೇಳುವುದು, ಯಾವ ಮಲ್ಟಿಮೀಟರ್ ಕೊಳ್ಳಲಿ ಎಂದು. ಮಗೂ, ಅಗ್ಗದ ಮೀಟರೂ ಬಹುಪಾಲು ನಿಜವನ್ನೇ ಹೇಳುತ್ತದೆ. ತಪ್ಪಾಗುವುದು ಹೆಚ್ಚಾಗಿ ನಾವು ಕಡ್ಡಿ ಇಡುವ ಕ್ರಮದಲ್ಲಿ.

• ಕೆಲಸಕ್ಕೆ ಕೂತೊಡನೆ ನಾಬನ್ನು 200 ಓಮ್‌ಗೆ ತಿರುಗಿಸಿ ಎರಡೂ ಕಡ್ಡಿಗಳನ್ನು ಒಂದಕ್ಕೊಂದು ತಾಗಿಸು. 0.3 ಬಂದರೆ ಅದು ವೈರಿನದೇ ತಡೆ. ಆಮೇಲೆ 1 ಓಮ್ ರೆಸಿಸ್ಟರ್ 1.3 ತೋರಿಸಿದರೆ ಗಾಬರಿಯಾಗದೆ 0.3 ಕಳೆ. ಅಂಕಿ ಕುಣಿಯುತ್ತಿದ್ದರೆ ವೈರನ್ನೇ ಬದಲಿಸು.

• ಬ್ಯಾಟರಿ ಗುರುತು ಕಂಡರೆ ನಾಳೆಗೆ ಮುಂದೂಡಬೇಡ. ಒಳಗಿನ ಬ್ಯಾಟರಿ ಇಳಿದಾಗ ಅಗ್ಗದ ಮೀಟರ್ ಇರುವುದಕ್ಕಿಂತ ಹೆಚ್ಚು ವೋಲ್ಟ್ ತೋರಿಸುತ್ತದೆ.

• ಬೋರ್ಡಿನಲ್ಲಿರುವಾಗಲೇ ರೆಸಿಸ್ಟರ್ ಅಳೆದು ಕೆಟ್ಟಿದೆ ಅನ್ನಬೇಡ. ಹಳದಿ, ನೇರಳೆ, ಕೆಂಪು, ಚಿನ್ನದ ಪಟ್ಟಿ ಎಂದರೆ 4.7 ಕಿಲೋ ಓಮ್, ಶೇ. 5ರಷ್ಟು ಹೆಚ್ಚುಕಡಿಮೆ, 4,465ರಿಂದ 4,935 ಓಮ್‌ವರೆಗೆ ಬಂದರೆ ಸರಿಯಿದೆ. 2 ಕಿಲೋ ಬಂತೇ? ಕರೆಂಟು ಪಕ್ಕದ ದಾರಿಗಳಲ್ಲೂ ಹರಿಯುತ್ತಿರಬಹುದು. ಒಂದು ಕಾಲಿನ ಬೆಸುಗೆ ಬಿಡಿಸಿ, ಎತ್ತಿ, ಮತ್ತೆ ಅಳೆ. 9 ಕಿಲೋ ಬಂದರೆ ಮಾತು ಬೇರೆ. ಪಕ್ಕದ ದಾರಿ ತಡೆಯನ್ನು ತಗ್ಗಿಸಬಲ್ಲದು, ಏರಿಸಲಾರದು. ಪವರ್ ತೆಗೆದು, ಕೆಪಾಸಿಟರ್‌ಗಳ ಚಾರ್ಜ್ ಇಳಿಸಿದ ಬೋರ್ಡಿನಲ್ಲಿ ಹೆಚ್ಚು ಬಂದ ರೆಸಿಸ್ಟರನ್ನು ಕಣ್ಣುಮುಚ್ಚಿ ಕಿತ್ತುಹಾಕು. ಇದೊಂದು ತಿಳಿವಳಿಕೆ ನನಗೆ ಉಳಿಸಿದ ಹೊತ್ತಿಗೆ ಲೆಕ್ಕವಿಲ್ಲ.

• ರೆಸಿಸ್ಟರಿನ ಎರಡೂ ಕಾಲುಗಳನ್ನು ಬೆರಳಲ್ಲಿ ಹಿಡಿದು ಅಳೆಯಬೇಡ. 100 ಓಮ್‌ನದಾದರೆ ನಡೆದೀತು. 1 ಮೆಗಾ ಓಮ್‌ನದಾದರೆ ನಿನ್ನ ಮೈಯೇ ಲೆಕ್ಕಕ್ಕೆ ಸೇರುತ್ತದೆ, ಕೈ ಬೆವರಿದ್ದರೆ ಇನ್ನೂ ಹೆಚ್ಚು.

• 230 ವೋಲ್ಟ್ ಎಸಿ ನೇರವಾಗಿ ಡಿಸಿ ಆದರೆ ಸುಮಾರು 325 ವೋಲ್ಟ್. ಪ್ಲಗ್ ಕಿತ್ತ ಮೇಲೂ ಪವರ್ ಸಪ್ಲೈಯ ದೊಡ್ಡ ಕೆಪಾಸಿಟರ್‌ನಲ್ಲಿ ಅದು ನಿಂತಿರುತ್ತದೆ. ಒಮ್ಮೆ ಆತುರದಲ್ಲಿ ಓಮ್ ರೇಂಜಿನಲ್ಲೇ ಅದಕ್ಕೆ ಕಡ್ಡಿ ಇಟ್ಟೆ. ಮೀಟರ್ ಸುಟ್ಟುಹೋಯಿತು, ಎರಡು ದಿನ ಕೈ ನಡುಗುತ್ತಿತ್ತು. ಸ್ಕ್ರೂಡ್ರೈವರ್‌ನಿಂದ ಶಾರ್ಟ್ ಮಾಡುವವರನ್ನು ನೋಡಿ ಕಲಿಯಬೇಡ. 10 ಕಿಲೋ ಓಮ್, 5 ವ್ಯಾಟ್‌ನ ರೆಸಿಸ್ಟರಿಗೆ ಚೆನ್ನಾಗಿ ಇನ್ಸುಲೇಷನ್ ಸುತ್ತಿದ ವೈರ್ ಬೆಸೆದಿಟ್ಟುಕೊಂಡು, ಹತ್ತು ಸೆಕೆಂಡ್ ತಾಗಿಸಿ ಹಿಡಿ. ಡಿಸಿ ವೋಲ್ಟ್‌ನಲ್ಲಿ ಸೊನ್ನೆ ಕಂಡ ಮೇಲೆಯೇ ಮುಂದಿನ ಕೆಲಸ.

• ಮೀಟರೂ ಸರ್ಕ್ಯೂಟಿನಿಂದ ಒಂದಿಷ್ಟು ಕರೆಂಟು ಕುಡಿಯುತ್ತದೆ. 10 ವೋಲ್ಟನ್ನು ಎರಡು 1 ಮೆಗಾ ಓಮ್ ರೆಸಿಸ್ಟರ್‌ಗಳು ಹಂಚಿಕೊಂಡಿದ್ದರೆ ನಡುವೆ 5 ವೋಲ್ಟ್ ಇರಬೇಕು. ಒಳತಡೆ 10 ಮೆಗಾ ಓಮ್ ಇರುವ ಮೀಟರ್ 4.76 ತೋರಿಸುತ್ತದೆ, 1 ಮೆಗಾ ಓಮ್‌ನದು 3.33. ಎರಡೂ ಸುಳ್ಳು ಹೇಳಿಲ್ಲ. ನಿನ್ನ ಮೀಟರಿನ ಒಳತಡೆ ಎಷ್ಟೆಂದು ಅದರ ಪುಸ್ತಿಕೆಯಲ್ಲಿ ಓದಿಟ್ಟುಕೋ.

• ಡಯೋಡ್ ರೇಂಜಿನಲ್ಲಿ ಸಿಲಿಕಾನ್ ಡಯೋಡ್ ಒಂದು ಕಡೆ 0.5ರಿಂದ 0.7, ತಿರುಗಿಸಿದರೆ ಏನೂ ಇಲ್ಲ. ಎರಡೂ ಕಡೆ ಸೊನ್ನೆ ಬಂದರೆ ಇಲ್ಲೂ ಕಾಲು ಎತ್ತಿ ನೋಡು.

• ಆಂಪ್ಸ್ ಅಳೆದು ಕೆಂಪು ವೈರನ್ನು 10 ಆಂಪ್ಸ್ ತೂತಿನಲ್ಲೇ ಬಿಟ್ಟು, ಆಮೇಲೆ ಮೇನ್ಸ್‌ಗೆ ಕಡ್ಡಿ ಇಟ್ಟರೆ ಅದು ನೇರ ಶಾರ್ಟ್. ಅಗ್ಗದ ಮೀಟರ್‌ಗಳಲ್ಲಿ ಆ ತೂತಿಗೆ ಫ್ಯೂಸೂ ಇರುವುದಿಲ್ಲ. ಎಷ್ಟೇ ದಣಿದಿದ್ದರೂ ಏಳುವ ಮುನ್ನ ಆ ವೈರನ್ನು ವೋಲ್ಟ್ ತೂತಿಗೆ ವಾಪಸ್ ಹಾಕಿಬಿಡು, ಮಗೂ.