ಕೆಲಸ ಬದಲಾಯಿತು, ತಟ್ಟೆಯೂ ಬದಲಾಗಲಿ

ನೋಡಪ್ಪ, ಡಾಕ್ಟರು ನಿನ್ನ ಬಿ.ಪಿ. 150ಕ್ಕೆ 96 ಇದೆ ಅಂದಾಗಿನಿಂದ ನೀನು ಸರಿಯಾಗಿ ಊಟ ಮಾಡುತ್ತಿಲ್ಲ ಅಂತ ನಿಮ್ಮಮ್ಮ ಹೇಳಿದಳು. ನಲವತ್ತು ತುಂಬುವ ಮೊದಲೇ ಹೀಗಾಯಿತಲ್ಲ ಅನ್ನುವ ಚಿಂತೆ ಇರಬೇಕು. ಹೆದರಬೇಡ. ಹಾಗಂತ ಉದಾಸೀನವೂ ಬೇಡ. ಬೇರೆ ಬೇರೆ ದಿನ ನೋಡಿದರೂ ಮೇಲಿನ ಅಂಕಿ 140 ಅಥವಾ ಕೆಳಗಿನದು 90 ದಾಟಿಯೇ ಇದ್ದರೆ ಅದು ಅಧಿಕ ರಕ್ತದೊತ್ತಡ. ತಲೆನೋವಿಲ್ಲ, ತಲೆಸುತ್ತಿಲ್ಲ, ನನಗೇನಾಗಿದೆ ಅಂತ ಕೇಳಬೇಡ. ಬಹಳ ಜನರಿಗೆ ಯಾವ ಸುಳಿವೂ ಸಿಗುವುದಿಲ್ಲ. ಅಷ್ಟರಲ್ಲಿ ಅದು ಹೃದಯ, ಕಿಡ್ನಿ, ಮೆದುಳಿನ ರಕ್ತನಾಳಗಳನ್ನು ಸವೆಸಿರುತ್ತದೆ.

ನಿಮ್ಮ ತಾತ ಕೆ.ಜಿ.ಎಫ್.ನ ಚಾಂಪಿಯನ್ ರೀಫ್ ಚಿನ್ನದ ಗಣಿಗೆ ಇಳಿದವರು. ನೆಲದಡಿ 3 ಕಿಲೋಮೀಟರಿಗೂ ಹೆಚ್ಚು ಆಳ ಹೋದ ಗಣಿ ಅದು. ಕೆಳಗಿಳಿದಷ್ಟೂ ಬಂಡೆ ಕಾದಿರುತ್ತಿತ್ತು. ಷಿಫ್ಟ್ ಮುಗಿಯುವಷ್ಟರಲ್ಲಿ ಮೈಯ ನೀರೆಲ್ಲ ಬೆವರಾಗಿ ಹರಿದಿರುತ್ತಿತ್ತು. ಉಪ್ಪು ಮುಂದಾದ ಸಾರು, ಕರುವಾಡಿನ (ಒಣಮೀನಿನ) ಗೊಜ್ಜು, ಉಪ್ಪಿನಕಾಯಿ ಆ ಮೈಗೆ ದಕ್ಕುತ್ತಿತ್ತು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ದುಡಿಮೆ ಹುಡುಕಿಕೊಂಡು ಕೆ.ಜಿ.ಎಫ್.ನ ಮಕ್ಕಳು ಬೆಂಗಳೂರಿನ ರೈಲು ಹತ್ತಿದರು. ಇವತ್ತು ನೀನು ಹೋಗಿ ಬರುವ ದಾರಿಯಲ್ಲೂ ಕೂತಿರುತ್ತೀಯ, ಆಫೀಸಿನಲ್ಲೂ ಕೂತಿರುತ್ತೀಯ. ಆದರೆ ಮನೆಯ ತಟ್ಟೆಯಲ್ಲಿರುವುದು ತಾತನ ಕಾಲದ ಉಪ್ಪೇ. ಬಿ.ಪಿ.ಗೆ ವಂಶ, ವಯಸ್ಸು, ತೂಕ ಎಲ್ಲವೂ ಕಾರಣ. ಅವುಗಳಲ್ಲಿ ನಮ್ಮ ಕೈಯಲ್ಲಿರುವುದನ್ನು ನಾವು ಸರಿಮಾಡಿಕೊಳ್ಳೋಣ.

ಮೊದಲು ಉಪ್ಪು. ದಿನಕ್ಕೆ ಒಬ್ಬರಿಗೆ 5 ಗ್ರಾಂ ಒಳಗಿರಲಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಒಂದು ಟೀ ಚಮಚ. ಸಾರು, ಪಲ್ಯ, ಹಪ್ಪಳ, ಚಟ್ನಿ ಎಲ್ಲದರ ಉಪ್ಪೂ ಸೇರಿ ಅಷ್ಟೇ. ಮನೆಯಲ್ಲಿ ನಾಲ್ಕು ಜನರಿದ್ದರೆ ಬೆಳಿಗ್ಗೆ ನಾಲ್ಕು ಚಮಚ ಉಪ್ಪನ್ನು ಒಂದು ಬಟ್ಟಲಿಗೆ ಹಾಕಿಟ್ಟು, ಆ ದಿನದ ಅಡುಗೆಗೆಲ್ಲ ಅದರಿಂದಲೇ ತೆಗೆಯಲು ಹೇಳು. ಸಂಜೆಯೊಳಗೆ ಬಟ್ಟಲು ಬರಿದಾದರೆ ತಪ್ಪುತ್ತಿರುವುದು ಎಲ್ಲಿ ಅಂತ ಎಲ್ಲರಿಗೂ ಕಾಣುತ್ತದೆ. ಒಂದೇ ಸಲ ಸಪ್ಪೆ ಮಾಡಿದರೆ ಮಕ್ಕಳು ತಟ್ಟೆ ದೂಡುತ್ತಾರೆ. ವಾರವಾರಕ್ಕೂ ಚಿಟಿಕೆ ಚಿಟಿಕೆ ಇಳಿಸಿ, ಬದಲಿಗೆ ನಿಂಬೆಹುಳಿ, ಬೆಳ್ಳುಳ್ಳಿ, ಜೀರಿಗೆ, ಕೊತ್ತಂಬರಿ ಏರಿಸಿ. ಕೆಲವು ವಾರಗಳಲ್ಲಿ ನಾಲಿಗೆ ತಾನಾಗಿ ಒಗ್ಗುತ್ತದೆ. ಕಡಿಮೆ ಸೋಡಿಯಂ ಅಂತ ಮಾರುವ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಅದನ್ನು ಮುಟ್ಟಬಾರದು.

ನಮ್ಮ ಸೀಮೆಯ ಊಟ ಬಿಡಬೇಕಿಲ್ಲ. ರಾಗಿಮುದ್ದೆ, ಮಸ್ಸೊಪ್ಪು, ಹುರುಳಿ ಸಾರು, ಒಂದು ಲೋಟ ಮಜ್ಜಿಗೆ, ಬಾಳೆಹಣ್ಣು ಬಿ.ಪಿ. ಇರುವವರಿಗೂ ಒಳ್ಳೆಯ ಊಟವೇ. ಬಸ್ಸಾರು ಮಾಡಿದ ದಿನ ಸೊಪ್ಪಿನ ಪಲ್ಯ ಜಾಸ್ತಿ ಬಡಿಸಿಕೊ, ಸಾರು ಹಿತವಾಗಿರಲಿ. ಉಪ್ಸಾರಿನ ಖಾರವನ್ನು ಮಾತ್ರ ಬೆರಳ ತುದಿಯಷ್ಟೇ ಹಾಕಿಕೊ. ಕರುವಾಡನ್ನು ಅಪರೂಪಕ್ಕೆ ಮಾಡಿಸಿ, ನೆನೆಸಿ ನಾಲ್ಕು ನೀರಿನಲ್ಲಿ ತೊಳೆದು ಹಾಕಲು ಹೇಳು. ಬಂಗಾರಪೇಟೆ ಸ್ಟೇಷನ್ನಿನಲ್ಲಿ ಇಳಿದವರಿಗೆ ಪಾನಿಪುರಿ ಬಿಡು ಅಂದರೆ ಯಾರು ಕೇಳುತ್ತಾರೆ? ಯಾವಾಗಲೋ ಒಮ್ಮೆ ತಿನ್ನು. ಆದರೆ ಪಾನಿ ನೀರಿನಷ್ಟು ತಿಳಿಯಾಗಿ ಕಂಡರೂ ಅದರಲ್ಲಿ ಉಪ್ಪಿದೆ, ಖಾರವಿದೆ. ಕೊನೆಯಲ್ಲಿ ಲೋಟ ಹಿಡಿದು ಇನ್ನಷ್ಟು ಪಾನಿ ಕೇಳಿ ಕುಡಿಯುವ ಅಭ್ಯಾಸ ಬಿಡು.

ಎರಡನೆಯದು ನಡಿಗೆ. ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯಬೇಕು. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಂಥ ನಡಿಗೆ. ಬೆಳಗಿನ ರೈಲಿಗೆ ಹೊರಡುವ ನಿನಗೆ ಬೇರೆ ಹೊತ್ತು ಎಲ್ಲಿದೆ? ಸ್ಟೇಷನ್ನಿಗೆ ಬೈಕಿನಲ್ಲಿ ಹೋಗುವುದನ್ನು ನಿಲ್ಲಿಸಿ ನಡೆದು ಹೋಗು. ಬೆಂಗಳೂರಿನಲ್ಲಿ ಇಳಿದ ಮೇಲೆ ಆಟೋ ಬದಲು ಒಂದು ಸ್ಟಾಪಿನಷ್ಟು ದೂರ ನಡೆ. ಭಾನುವಾರ ಮಕ್ಕಳನ್ನೂ ಕರೆದುಕೊಂಡು ಹೊರಡು. ಗಾಳಿ ಎದ್ದ ದಿನ ಗಣಿಯ ತ್ಯಾಜ್ಯದ ಸೈನೈಡ್ ದಿಬ್ಬಗಳ ಕಡೆ ಮಾತ್ರ ಬೇಡ, ಆ ಧೂಳು ಎದೆಗೆ ಒಳ್ಳೆಯದಲ್ಲ. ಹೊಟ್ಟೆಯ ಬೊಜ್ಜು ಕರಗಿದಂತೆ ರಕ್ತದೊತ್ತಡವೂ ಇಳಿಯುತ್ತದೆ.

ಮೂರನೆಯದು ಮನಸ್ಸು. ರೈಲು ತಪ್ಪೀತು ಅನ್ನುವ ಆತಂಕ, ಮೇಲಧಿಕಾರಿಯ ಫೋನು, ಮನೆ ಸಾಲ, ಮಕ್ಕಳ ಫೀಸು, ಇವನ್ನೆಲ್ಲ ತೆಗೆದುಹಾಕು ಅಂತ ನಾನು ಹೇಳಲಾರೆ. ಆದರೆ ಸೀಟು ಸಿಕ್ಕಿದ ದಿನ ಒಂದು ಕೆಲಸ ಮಾಡು. ಟೇಕಲ್ ಸ್ಟೇಷನ್ ದಾಟಿದ ಮೇಲೆ ಮೊಬೈಲ್ ಜೇಬಿಗಿಟ್ಟು, ಬೆನ್ನು ನೇರ ಮಾಡಿ, ಹೆಗಲು ಸಡಿಲ ಬಿಡು. ಮೂಗಿನಲ್ಲಿ ನಾಲ್ಕು ಎಣಿಸುವಷ್ಟು ಹೊತ್ತು ಉಸಿರೆಳೆದುಕೊ, ಆರು ಎಣಿಸುವಷ್ಟು ಹೊತ್ತು ನಿಧಾನವಾಗಿ ಬಿಡು. ನಿಮಿಷಕ್ಕೆ ಆರು ಉಸಿರಾಗುತ್ತದೆ. ಮಾಲೂರು ಬರುವ ತನಕ ಹೀಗೇ ಕೂತಿರು. ನಿಧಾನದ ಉಸಿರು ನರಗಳ ಬಿಗಿ ಸಡಿಲಿಸುತ್ತದೆ, ಎದೆಬಡಿತ ಹದಕ್ಕೆ ಬರುತ್ತದೆ. ತಲೆ ಸುತ್ತಿದಂತಾದರೆ ಬಲವಂತ ಮಾಡದೆ ನಿಲ್ಲಿಸು. ಬರುವಾಗ ಜೊತೆಯವರೊಂದಿಗೆ ಮಾತಾಡು. ಮನಸ್ಸಿನ ಭಾರವನ್ನು ಒಬ್ಬನೇ ಹೊತ್ತುಕೊಳ್ಳಬೇಡ. ಅದನ್ನು ಬಾಟಲಿಯಲ್ಲಿ ಮರೆಯಲು ಹೋದರೆ ಬಿ.ಪಿ. ಏರುವುದೇ ಹೊರತು ಇಳಿಯುವುದಿಲ್ಲ. ಬೀಡಿ, ಸಿಗರೇಟು, ಗುಟ್ಕಾ ಇದ್ದರೆ ಪೂರ್ತಿ ಬಿಡು. ರಾತ್ರಿ ಏಳು ಗಂಟೆಯಷ್ಟಾದರೂ ನಿದ್ದೆ ಇರಲಿ. ಜೋರಾಗಿ ಗೊರಕೆ ಹೊಡೆಯುತ್ತ ನಡುವೆ ಉಸಿರು ಕಟ್ಟಿದಂತಾಗುತ್ತದೆ ಅಂತ ಮನೆಯವರು ಹೇಳಿದರೆ ಅದನ್ನೂ ಡಾಕ್ಟರಿಗೆ ತಿಳಿಸು.

ಬಿ.ಪಿ. ನೋಡಿಸುವುದಕ್ಕೂ ಒಂದು ಕ್ರಮವಿದೆ. ಮೆಟ್ಟಿಲು ಹತ್ತಿ ಬಂದ ತಕ್ಷಣ, ಕಾಫಿ ಕುಡಿದ ತಕ್ಷಣ ತೋಳು ಚಾಚಬೇಡ. ಕಾಫಿ, ಸಿಗರೇಟು ಆಗಿ ಅರ್ಧ ಗಂಟೆ ಕಳೆದಿರಲಿ. ಮೂತ್ರಕ್ಕೆ ಹೋಗಿ ಬಂದು, ಬೆನ್ನಿಗೆ ಒರಗು ಕೊಟ್ಟು, ಪಾದ ನೆಲಕ್ಕೂರಿ ಐದು ನಿಮಿಷ ಸುಮ್ಮನೆ ಕೂತುಕೊ. ಪಟ್ಟಿ ಕಟ್ಟಿದ ತೋಳು ಎದೆಯ ಮಟ್ಟದಲ್ಲಿರಲಿ, ಆಗ ಮಾತು ಬೇಡ. ಬಂದ ಅಂಕಿಯನ್ನು ತಾರೀಖಿನ ಸಮೇತ ಪುಟ್ಟ ಪುಸ್ತಕದಲ್ಲಿ ಬರೆದಿಡು.

ಇಷ್ಟೆಲ್ಲ ಮಾಡಿದರೂ ಮಾತ್ರೆ ಬೇಕಾಗಬಹುದು. ಬೇಕೆಂದರೆ ತೆಗೆದುಕೊ, ಅದರಲ್ಲಿ ಸೋಲೇನೂ ಇಲ್ಲ. ಅಂಕಿ ಇಳಿದಿದೆ ಅಂತ ನೀನೇ ಮಾತ್ರೆ ನಿಲ್ಲಿಸಬೇಡ, ಇಳಿಸಿರುವುದು ಆ ಮಾತ್ರೆಯೇ ಇರಬಹುದು. ವಾಟ್ಸಾಪಿನಲ್ಲಿ ಬರುವ ಯಾವ ಕಷಾಯವೂ ಅದರ ಜಾಗ ತುಂಬುವುದಿಲ್ಲ. ಎದೆನೋವು, ಉಸಿರು ಕಟ್ಟುವುದು, ಬಾಯಿ ಒಂದು ಕಡೆ ಸೊಟ್ಟಗಾಗುವುದು, ಮಾತು ತೊದಲುವುದು, ಒಂದು ಕೈ ಸೋಲುವುದು, ಇವುಗಳಲ್ಲಿ ಯಾವುದು ಕಂಡರೂ ಮನೆಮದ್ದು ಮಾಡುತ್ತ ಕೂರದೆ 108ಕ್ಕೆ ಫೋನ್ ಮಾಡಿ.

ಇನ್ನೊಂದು ಮಾತು. ನಿನ್ನ ಡಬ್ಬಿಗಾಗಿ ಬೆಳಗಿನ ಜಾವ ನಿನಗಿಂತ ಮೊದಲು ಎದ್ದು ಒಲೆ ಹಚ್ಚುವವಳು ನಿನ್ನ ಹೆಂಡತಿ. ಅವಳ ನಿದ್ದೆಯೂ ಕಡಿಮೆ, ಚಿಂತೆಯೂ ಕಡಿಮೆಯಿಲ್ಲ. ತರಕಾರಿಯನ್ನು ರಾತ್ರಿಯೇ ನೀನು ಹೆಚ್ಚಿಕೊಡು. ಮೂವತ್ತು ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಬಿ.ಪಿ., ಶುಗರ್ ಪುಕ್ಕಟೆಯಾಗಿ ನೋಡುತ್ತಾರೆ. ಈ ಶನಿವಾರ ಅವಳನ್ನೂ ನಿಮ್ಮಮ್ಮನನ್ನೂ ಕರೆದುಕೊಂಡು ಹೋಗು. ಎಲ್ಲವನ್ನೂ ಒಟ್ಟಿಗೆ ಹಿಡಿಯಲು ಹೋಗಿ ಕೈಚೆಲ್ಲಬೇಡಿ. ಈ ವಾರ ಉಪ್ಪಿನ ಬಟ್ಟಲು, ಮುಂದಿನ ವಾರ ನಡಿಗೆ, ಆಮೇಲೆ ಉಸಿರು. ಮೂರು ತಿಂಗಳಾದ ಮೇಲೆ ಆ ಪುಟ್ಟ ಪುಸ್ತಕ ಹಿಡಿದು ಡಾಕ್ಟರ ಹತ್ತಿರ ಹೋಗು. ಬರುವಾಗ ನನಗೂ ತೋರಿಸಿ ಹೋಗು.