ಗೇರ್‌ಬಾಕ್ಸ್ ಬಿಚ್ಚುವ ಮೊದಲು

ಪ್ರಶ್ನೆ: 2009ರ ಕೊರೊಲ್ಲಾ ಆಲ್ಟಿಸ್ ಆಟೊಮ್ಯಾಟಿಕ್, 1.8 ಲಕ್ಷ ಕಿ.ಮೀ. ಓಡಿದೆ. 'ಡಿ'ಗೆ ಹಾಕಿದರೆ ತಡವಾಗಿ ಹೊರಡುತ್ತದೆ, ಗೇರ್ ಬದಲಾಗುವಾಗ ಜಗ್ಗುತ್ತದೆ. ಗ್ಯಾರೇಜಿನವರು ಗೇರ್‌ಬಾಕ್ಸ್ ಬದಲಿಸಿ ಎನ್ನುತ್ತಿದ್ದಾರೆ. ಏನು ಮಾಡಲಿ?

ಉತ್ತರ: ದಯವಿಟ್ಟು ಆತುರಪಡಬೇಡಿ. ಮೊದಲು ಗೇರ್ ಆಯಿಲ್ ನೋಡಿಸಿ. ಗಾಡಿ ಚೆನ್ನಾಗಿ ಬಿಸಿಯಾದ ಮೇಲೆ ಸಮತಟ್ಟಾದ ಜಾಗದಲ್ಲಿ, ಎಂಜಿನ್ ಚಾಲೂ ಇರುವಾಗಲೇ ಲಿವರನ್ನು ಎಲ್ಲ ಗೇರ್‌ಗೂ ಒಮ್ಮೆ ಹಾಕಿ 'ಪಿ'ಗೆ ತಂದು ಅಳೆಯಬೇಕು. ಆಯಿಲ್ ಕಮ್ಮಿಯಿದ್ದರೆ ಒತ್ತಡ ಸಾಲದೆ ಇದೇ ತೊಂದರೆ ಬರುತ್ತದೆ. ಸೋರಿಕೆ ಎಲ್ಲಿದೆ ಎಂದು ಹುಡುಕಿಸಿ. ಡಿಪ್‌ಸ್ಟಿಕ್ಕನ್ನು ಬಿಳಿ ಬಟ್ಟೆಗೆ ಒರೆಸಿ. ಬರೀ ಕಂದು ಬಣ್ಣವಾದರೆ ಹಳೆಯದಾಗಿದೆ, ಅಷ್ಟೇ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಕ್ಲಚ್ ಪ್ಲೇಟ್‌ಗಳು ಸವೆದಿರಬಹುದು.

ಆಮೇಲೆ ಸ್ಕ್ಯಾನರ್ ಹಾಕಿಸಿ. ಚೆಕ್ ಎಂಜಿನ್ ದೀಪ ಉರಿಯದಿದ್ದರೂ ದೋಷ ತಿಳಿಸುವ ಕೋಡ್ ಇರಬಹುದು. ಗೇರ್ ಬದಲಾವಣೆಯನ್ನು ನಿಯಂತ್ರಿಸುವ ಸೊಲೆನಾಯ್ಡ್ ಕೆಟ್ಟಿದ್ದರೆ ಅದೊಂದನ್ನೇ ಬದಲಿಸಬಹುದು. ಎಂಜಿನ್ ಮೌಂಟ್ ಹರಿದಿದ್ದರೂ ಹೀಗೆ ಜಗ್ಗುತ್ತದೆ, ಅದನ್ನೂ ನೋಡಿಸಿ.

ಆಯಿಲ್ ಬದಲಿಸುವಾಗ ಮೆಷಿನ್‌ನಿಂದ ಒತ್ತಡ ಹಾಕಿ ಫ್ಲಶ್ ಮಾಡಿಸಬೇಡಿ. ಕೆಳಗಿನ ಪ್ಯಾನ್ ಇಳಿಸಿ ಸುರಿದು ತುಂಬಿಸಲಿ. ಪ್ಯಾನ್‌ನ ಅಯಸ್ಕಾಂತಕ್ಕೆ ನುಣ್ಣನೆಯ ಕಪ್ಪು ಹುಡಿ ಅಂಟಿರುವುದು ಸಹಜ. ಲೋಹದ ಚೂರುಗಳು ಸಿಕ್ಕರೆ ಅಥವಾ ಕ್ಲಚ್ ಪ್ಲೇಟ್‌ಗಳು ಸವೆದಿದ್ದರೆ ಮಾತ್ರ ಗೇರ್‌ಬಾಕ್ಸ್ ಬಿಚ್ಚಲು ಒಪ್ಪಿಕೊಳ್ಳಿ.